ಕಾತ್ರಜದ ಕೆರೆಯೂ ನಮ್ಮ ಹೊಣೆಯೂ

ಧನಕವಡಿಯ ದಕ್ಷಿಣಕ್ಕೆ, ಕಾತ್ರಜ ಘಾಟಿನ ಗುಡ್ಡಗಳ ಅಡಿಯಲ್ಲಿ, ಮೇಲೊಂದು ಕೆಳಗೊಂದು ಎರಡು ಕೆರೆಗಳಿವೆ. 1740ರಿಂದ 1761ರ ವರೆಗೆ ಪೇಶ್ವೆ ಪದವಿಯಲ್ಲಿದ್ದ ನಾನಾಸಾಹೇಬರು ಇವನ್ನು ಕಟ್ಟಿಸಿದರು. ಗುಡ್ಡದ ತೊರೆಗಳ ನೀರು ಮೇಲಿನ ಕೆರೆಯಲ್ಲಿ ನಿಂತು ತನ್ನ ಹೂಳನ್ನು ಇಳಿಸುತ್ತಿತ್ತು. ತಿಳಿಯಾದ ನೀರು ಕೆಳಗಿನ ಕೆರೆಗೆ ಬಂದು, ನೆಲದೊಳಗಿನ ಕಲ್ಲುಕಾಲುವೆಯ ಮೂಲಕ ಶನಿವಾರವಾಡೆಗೂ ಪೇಟೆಯ ತೊಟ್ಟಿಗಳಿಗೂ ಹರಿಯುತ್ತಿತ್ತು. ಯಂತ್ರಬಲವಿಲ್ಲದೆ, ಇಳಿಜಾರನ್ನೇ ನಂಬಿ ರಚಿಸಿದ ಈ ವ್ಯವಸ್ಥೆಯನ್ನು ಕಂಡು ನಾವು ಬೆರಗಾಗದಿರಲಾರೆವು.

ಆದರೆ ಅಂದಿನ ಶಿಲ್ಪಿಗಳು ಎದುರಿಸಿದ ಶತ್ರು ಮಣ್ಣು ಮಾತ್ರ. ಇಂದು ಮೇಲ್ಭಾಗದ ವಸತಿಗಳ ಕೊಳಚೆಯೂ ಕೆರೆಯನ್ನು ಸೇರುತ್ತಿದೆ. ಮಣ್ಣು ತಳಕ್ಕೆ ಇಳಿಯುತ್ತದೆ. ಕೊಳಚೆಯಲ್ಲಿ ಕರಗಿರುವ ಸಾರಜನಕ, ರಂಜಕಗಳು ಹಾಗೆ ಇಳಿಯುವುದಿಲ್ಲ. ಅವನ್ನುಂಡು ಜಲಪರ್ಣಿಯೆಂಬ ದಕ್ಷಿಣ ಅಮೆರಿಕೆಯ ಕಳೆ ನೀರಿನ ಮೇಲೆ ಹಸುರು ಚಾಪೆ ಹಾಸುತ್ತದೆ. ಬಿಸಿಲು ಒಳಗೆ ಇಳಿಯದು. ಸತ್ತ ಎಲೆಗಳು ಕೊಳೆಯುವಾಗ ನೀರಿನಲ್ಲಿರುವ ಆಮ್ಲಜನಕವೂ ತೀರುತ್ತದೆ. ಆಗ ಮೀನುಗಳು ಉಸಿರುಗಟ್ಟುತ್ತವೆ. ಮೀನನ್ನೇ ನಂಬಿದ ಹಕ್ಕಿಗಳು ಬೇರೆ ನೀರನ್ನು ಅರಸಿ ಹೋಗುತ್ತವೆ.

"ಕುಡಿಯಲು ಖಡಕವಾಸಲೆಯ ನೀರಿರುವಾಗ ಈ ಕೆರೆಯ ಚಿಂತೆಯೇಕೆ?" ಎಂದು ಕೇಳುವವರುಂಟು. ಈ ಮಾತನ್ನು ನಾವು ಒಪ್ಪೆವು. ಕಾತ್ರಜದ ನೀರು ಅಂಬಿಲ ಓಢಾ ಎಂಬ ಹಳ್ಳವಾಗಿ ಅರಣ್ಯೇಶ್ವರದ ಕಡೆಯಿಂದ ಹರಿದು ಮುಠಾ ನದಿಯನ್ನು ಸೇರುತ್ತದೆ. 2019ರ ಸೆಪ್ಟೆಂಬರ್ 25ರ ರಾತ್ರಿ ಇದೇ ಹಳ್ಳವು ಉಕ್ಕಿ ಅನೇಕರ ಪ್ರಾಣವನ್ನು ಕೊಂಡೊಯ್ದಿತು. ಹೂಳು ತುಂಬಿದ ಕೆರೆ ಮಳೆಯ ನೀರನ್ನು ಎಷ್ಟು ತಡೆದೀತು? ಇನ್ನೂ ಮುಂದೆ ನೋಡಿರಿ: ಮುಠೆಯು ಮುಳೆಯೊಡನೆ ಕೂಡಿ ಭೀಮೆಗೆ ಸೇರುತ್ತದೆ, ಭೀಮೆಯು ವಿಜಯಪುರ, ಕಲಬುರಗಿ ಜಿಲ್ಲೆಗಳ ಹೊಲಗಳಿಗೆ ನೀರುಣಿಸಿ ರಾಯಚೂರಿನ ಬಳಿ ಕೃಷ್ಣೆಯನ್ನು ಕೂಡುತ್ತದೆ. ಇಲ್ಲಿ ಕೆಡಿಸಿದ ನೀರು ನಮ್ಮ ಬಂಧುಬಾಂಧವರ ಊರುಗಳ ಕಡೆಗೇ ಸಾಗುತ್ತದೆ.

ವರ್ಷವರ್ಷವೂ ಕಳೆಯನ್ನು ಕೀಳಿಸುವುದು ಬೇರಿನ ರೋಗಕ್ಕೆ ಎಲೆಯನ್ನು ಕತ್ತರಿಸಿದಂತೆ. ಕೊಳಚೆಯನ್ನು ಕೆರೆಯ ಮೇಲ್ಭಾಗದಲ್ಲಿಯೇ ತಡೆದು ಶುದ್ಧಿಗೊಳಿಸಬೇಕು. ಇದು ಮಹಾನಗರಪಾಲಿಕೆಯ ಕರ್ತವ್ಯ. ವಿದ್ಯಾರ್ಥಿಮಿತ್ರರೇ, ನಮ್ಮ ಕರ್ತವ್ಯವೂ ಸಣ್ಣದಲ್ಲ. ಹಳ್ಳಕ್ಕೆ ಕಸ ಎಸೆಯದಿರೋಣ. ತಿಂಗಳಿಗೊಮ್ಮೆ ಹಿರಿಯರೊಡನೆ ಹೋಗಿ ನೀರಿನ ಬಣ್ಣ, ವಾಸನೆ, ಕಳೆಯ ಹರವು, ಬಂದ ಹಕ್ಕಿಗಳು ಇವನ್ನು ದಿನಾಂಕಸಹಿತ ಬರೆದಿಡೋಣ. ಒಂದು ವರ್ಷದ ಅಂತಹ ಬರಹವನ್ನು ಮುಂದಿಟ್ಟು ಕೇಳಿದರೆ, ನಮ್ಮ ಮಾತನ್ನು ಮಕ್ಕಳ ಮಾತೆಂದು ತಳ್ಳಿಹಾಕುವುದು ಯಾರಿಗೂ ಸುಲಭವಾಗದು.