ನಿಗಾ ಘಟಕದಲ್ಲಿ ಕಣ್ಣಿಗೂ ನಿಗಾ ಬೇಕು

ತೀವ್ರ ನಿಗಾ ಘಟಕದಲ್ಲಿ ವೆಂಟಿಲೇಟರಿನ ಆಸರೆಯಲ್ಲಿರುವ ರೋಗಿಯ ಹೃದಯ, ಶ್ವಾಸಕೋಶ, ಮೂತ್ರಪಿಂಡಗಳನ್ನು ವೈದ್ಯರು ಹಗಲಿರುಳು ಗಮನಿಸುತ್ತಾರೆ. ಪ್ರಾಣ ಉಳಿಸುವ ಆ ಧಾವಂತದಲ್ಲಿ ಕಣ್ಣು ಹಿಂದೆ ಬೀಳುವುದುಂಟು. ಆದರೆ ಬದುಕಿ ಮನೆಗೆ ಮರಳಿದವರು ಕರಸ್ಥಲದ ಇಷ್ಟಲಿಂಗವನ್ನು ಮಂಜಿನೊಳಗಿಂದ ನೋಡುವಂತಾದರೆ, ಅದನ್ನು ವಿಧಿಯೆಂದು ಒಪ್ಪಲು ನಾವು ಸಿದ್ಧರಿಲ್ಲ. ಬಹುಮಟ್ಟಿಗೆ ಅದು ತಡೆಯಬಹುದಾದ ಹಾನಿ.

ನಿಮೇಷೋನ್ಮೇಷ, ಅಂದರೆ ರೆಪ್ಪೆಯನ್ನು ಮುಚ್ಚಿ ತೆರೆಯುವುದು, ಆಯುರ್ವೇದದಲ್ಲಿ ವ್ಯಾನವಾಯುವಿನ ಕಾರ್ಯ. ಪ್ರತಿ ಸಲ ರೆಪ್ಪೆ ಬಡಿದಾಗಲೂ ಕಣ್ಣೀರಿನ ತೆಳುಪದರವು ಕಾರ್ನಿಯಾದ ಮೇಲೆ ಹರಡುತ್ತದೆ. ರಕ್ತನಾಳಗಳಿಲ್ಲದ ಈ ಪಾರದರ್ಶಕ ಪಟಲಕ್ಕೆ ಆ ತೇವವೇ ಕವಚ. ಮಂಪರಿನ ಔಷಧಗಳೂ ಸ್ನಾಯುಗಳನ್ನು ಸಡಿಲಿಸುವ ಔಷಧಗಳೂ ರೆಪ್ಪೆಯ ಬಡಿತವನ್ನು ನಿಲ್ಲಿಸುತ್ತವೆ. ಎಷ್ಟೋ ರೋಗಿಗಳಲ್ಲಿ ರೆಪ್ಪೆ ಪೂರ್ತಿ ಮುಚ್ಚದೆ ಸಣ್ಣ ಸಂದು ಉಳಿಯುತ್ತದೆ. ವೆಂಟಿಲೇಟರಿನ ಒತ್ತಡದಿಂದ ಬಿಳಿಗುಡ್ಡೆಯ ಪೊರೆ ಊದಿಕೊಂಡರೆ ಸಂದು ಇನ್ನೂ ಅಗಲವಾಗುತ್ತದೆ. ಒಣಗಿದ ಕಾರ್ನಿಯಾದಲ್ಲಿ ಹುಣ್ಣಾಗಿ, ಗಂಟಲಿನ ಕಫದಿಂದ ಸಿಡಿದ ಸ್ಯೂಡೊಮೊನಾಸ್‌ನಂಥ ಸೂಕ್ಷ್ಮಾಣು ಅಲ್ಲಿ ನೆಲೆಸಿದರೆ ಕೆಲವೇ ದಿನಗಳಲ್ಲಿ ದೃಷ್ಟಿಗೆ ಕುತ್ತು ಬರಬಹುದು. ಪ್ರಜ್ಞೆಯಿಲ್ಲದ ರೋಗಿ ಕಣ್ಣುರಿಯೆಂದು ಹೇಳಲಾರ.

ಇದಕ್ಕೆ ದುಬಾರಿ ಯಂತ್ರ ಬೇಕಿಲ್ಲ. ಪ್ರತಿ ಪಾಳಿಯಲ್ಲೂ ದಾದಿಯರು ರೆಪ್ಪೆ ಮುಚ್ಚಿದೆಯೇ ಎಂದು ನೋಡುವುದು, ಶುಚಿಗೊಳಿಸಿ ವೈದ್ಯರು ಸೂಚಿಸಿದ ಜಾರುಮುಲಾಮನ್ನು ಹೊತ್ತುಹೊತ್ತಿಗೆ ಹಚ್ಚುವುದು, ಅಗತ್ಯವಿದ್ದಲ್ಲಿ ತೆಳುವಾದ ಪಾಲಿಥಿನ್ ಹಾಳೆಯಿಂದ ಕಣ್ಣನ್ನು ಮುಚ್ಚಿ ತೇವ ಕಾಯುವುದು, ಕಫ ಹೀರುವಾಗ ಕೊಳವೆಯನ್ನು ಮುಖದ ಮೇಲಿಂದ ಎಳೆಯದೆ ಪಕ್ಕದಿಂದ ತೆಗೆಯುವುದು: ಇಷ್ಟೇ. ಬೋರಲು ಮಲಗಿಸಿದ ರೋಗಿಯಲ್ಲಿ ಎಚ್ಚರ ಇಮ್ಮಡಿಯಾಗಬೇಕು. ಜ್ವರ, ರಕ್ತದೊತ್ತಡಗಳನ್ನು ಬರೆಯುವ ಹಾಳೆಯಲ್ಲಿ ಕಣ್ಣಿಗೂ ಒಂದು ಸಾಲು ಇರಲೇಬೇಕೆಂಬುದು ನಮ್ಮ ಖಚಿತ ಅಭಿಪ್ರಾಯ. ಬರೆಯದ ಕೆಲಸ ಮರೆತುಹೋಗುತ್ತದೆ. ನೇತ್ರದಾನಕ್ಕೆ ಮುಂದಾಗುವ ನಮ್ಮ ಸಮಾಜವು ಜೀವಂತ ಕಣ್ಣಿನ ಬಗ್ಗೆ ಇಷ್ಟನ್ನಾದರೂ ಕೇಳಬಹುದಲ್ಲವೇ? ಭೇಟಿಯ ಸಮಯದಲ್ಲಿ ಬಂಧುಗಳು ರೋಗಿಯ ರೆಪ್ಪೆಯನ್ನು ಗಮನಿಸಲಿ. ಸಂದು, ಕೆಂಪು, ಪಿಸುರು ಅಥವಾ ಬಿಳಿಚುಕ್ಕೆ ಕಂಡರೆ ಸಂಕೋಚವಿಲ್ಲದೆ ದಾದಿಯರಿಗೆ ತಿಳಿಸಲಿ. ಅದು ತಪ್ಪು ಹುಡುಕುವುದಲ್ಲ, ಸೇವೆಯಲ್ಲಿ ಕೈಜೋಡಿಸುವುದು.

ಆಯುರ್ವೇದದವರಾದ ನಾವೇ ಹೇಳಬೇಕಾದ ಮಾತೊಂದಿದೆ. ತುಪ್ಪ, ಜೇನು, ಹರಳೆಣ್ಣೆ, ಎದೆಹಾಲು ಇವಾವುದನ್ನೂ ಅಲ್ಲಿನ ರೋಗಿಯ ಕಣ್ಣಿಗೆ ಗುಟ್ಟಾಗಿ ಹಾಕಬಾರದು. ನೇತ್ರತರ್ಪಣಕ್ಕೆ ಅದರದೇ ಕಾಲ, ವಿಧಿ, ಶುದ್ಧಿಗಳಿವೆ. ನಿಗಾ ಘಟಕದ ಹಾಸಿಗೆ ಅದರ ಸ್ಥಳವಲ್ಲ. ಮನೆಗೆ ಬಂದ ಮೇಲೆ ಕಣ್ಣು ಮಂಜಾಗಿದ್ದರೆ, ಬೆಳಕು ಚುಚ್ಚುತ್ತಿದ್ದರೆ, ಅದನ್ನು ನಿಶ್ಶಕ್ತಿಯೆಂದು ಭಾವಿಸಿ ಕಾಯದೆ ಅಂದೇ ನೇತ್ರತಜ್ಞರಿಗೆ ತೋರಿಸಬೇಕು.