ಅಭಿಪ್ರಾಯಕ್ಕೂ ಒಂದು ಗೈಡು

ಸಂಕ್ರಾಂತಿಗೆ ಊರಿಗೆ ಹೋದಾಗ ಅಕ್ಕನ ಮಗ ಜಗಲಿ ಮೇಲೆ ಕೂತು ಇಂಗ್ಲಿಷ್ ಉರು ಹೊಡೀತಿದ್ದ. ಸೆಕೆಂಡ್ ಪಿಯುಸಿ. ಪಾಠ ಟಾಲ್‌ಸ್ಟಾಯ್‌ನ 'ಟೂ ಡಿಯರ್!'. ಪುಟ್ಟ ಮೊನಾಕೊ ರಾಜ್ಯದಲ್ಲಿ ಒಬ್ಬ ಕೊಲೆ ಮಾಡ್ತಾನೆ. ತಲೆ ಕಡಿಯೋ ಯಂತ್ರಕ್ಕೆ ಫ್ರಾನ್ಸ್ 16,000 ಫ್ರಾಂಕ್ ಕೇಳುತ್ತೆ, ಇಟಲಿ 12,000. ದುಬಾರಿ ಅಂತ ಜೈಲಿಗೆ ಹಾಕ್ತಾರೆ. ಕಾವಲಿನ ಖರ್ಚೂ ತಡೆಯೋಕಾಗದೆ, ಕೊನೆಗೆ ವರ್ಷಕ್ಕೆ 600 ಫ್ರಾಂಕ್ ಪಿಂಚಣಿ ಕೊಟ್ಟು ಕೊಲೆಗಾರನನ್ನ ಕಳಿಸಿಬಿಡ್ತಾರೆ. ಹುಡುಗನಿಗೆ ಮೂರೂ ಅಂಕಿ ಬಾಯಿಪಾಠ.

"ಸರಿ, ರಾಜ ಮಾಡಿದ್ದು ನ್ಯಾಯಾನಾ?" ಅಂದೆ.

"ತಡಿ ಮಾಮ," ಅಂತ ಗೈಡ್ ತಿರುವಿದ.

ನಿಮ್ಮ ಅಭಿಪ್ರಾಯವೇನು ಅನ್ನೋ ಪ್ರಶ್ನೆಗೂ ಅಲ್ಲಿ ರೆಡಿ ಅಭಿಪ್ರಾಯ ಇತ್ತು! ನನಗೆ ನಗು ಬರಲಿಲ್ಲ. ನಾನೂ ಹಾಗೇ ಓದಿದವನು. ಹತ್ತರವರೆಗೆ ಕನ್ನಡ ಮೀಡಿಯಂ, ಪಿಯುಸಿ ಇಂಗ್ಲಿಷ್‌ನಲ್ಲಿ ಗೈಡ್ ಕೃಪೆಯಿಂದ ಎಂಬತ್ತರ ಮೇಲೆ. ಬಿಇ ಮುಗಿಸಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಡಿಸೈನ್ ತಪ್ಪು ಅಂತ ನನಗೆ ಸ್ಪಷ್ಟವಾಗಿ ಗೊತ್ತಿತ್ತು. 'ಇದು ಸರಿಯಿಲ್ಲ ಅನಿಸುತ್ತೆ' ಅಂತ ಎರಡು ಸಾಲಿನ ಮೇಲ್ ಹಾಕಿದೆ. ಇನ್ನೊಬ್ಬ ಅರ್ಧ ಪುಟ ಕಾರಣ ಬರೆದ. ಅವನದ್ದೇ ನಡೀತು. ರಿಲೀಸ್ ದಿನ ಎಲ್ಲ ಕುಸಿದುಬಿತ್ತು, ಬೆಳಗಿನ ಜಾವ ನಾಲ್ಕರವರೆಗೆ ಕೂತು ಸರಿಮಾಡಿದ್ದು ನಾನೇ. ನನ್ನ ಮೇಲ್‌ನಲ್ಲಿ ಗ್ರಾಮರ್ ತಪ್ಪಿರಲಿಲ್ಲ, ಕಾರಣ ಇರಲಿಲ್ಲ.

ಹಳ್ಳಿ ಹುಡುಗರು, ಅದಕ್ಕೇ ಹೀಗೆ ಅನ್ನೋರಿದ್ದಾರೆ. ಒಂದು ಸಂಜೆ ನಮ್ಮೂರ ಅರಳಿಕಟ್ಟೆಗೆ ಬನ್ನಿ ಸ್ವಾಮಿ. ಕೆರೆ ನೀರು ಯಾವ ಬಯಲಿಗೆ ಮೊದಲು ಬಿಡಬೇಕು ಅಂತ ಓದು ಬರಹ ಇಲ್ಲದವರೂ ಲೆಕ್ಕ, ಸಾಕ್ಷಿ, ಹಳೇ ಉದಾಹರಣೆ ಇಟ್ಟು ವಾದ ಮಾಡ್ತಾರೆ. ಆ ವಿದ್ಯೆಯನ್ನ ಚಪ್ಪಲಿ ಥರ ಕ್ಲಾಸಿನ ಹೊರಗೆ ಬಿಡಿಸೋದು ನಮ್ಮ ಪರೀಕ್ಷೆ.

ಮೇಷ್ಟ್ರನ್ನ ಬೈಯಲ್ಲ. ಇಂಜಿನಿಯರಿಂಗ್ ಸಿಇಟಿ ರ‍್ಯಾಂಕಿಗೆ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾತ್ಸ್ ಮಾತ್ರ ಲೆಕ್ಕ. ಇಂಗ್ಲಿಷ್ ಪಾಸಾದ್ರೆ ಸಾಕು ಅಂತ ಅಪ್ಪ ಅಮ್ಮಂದಿರೇ ಹೇಳುವಾಗ ಅವರೊಬ್ಬರೇ ಏನು ಮಾಡ್ತಾರೆ?

'ಮೊದಲು ಗ್ರಾಮರ್ ಬರಲಿ, ವಾದ ಆಮೇಲೆ' ಅನ್ನೋದು ಇನ್ನೊಂದು ನೆಪ. ಹೇಳೋಕೆ ಏನೂ ಇಲ್ಲದವನಿಗೆ ಗ್ರಾಮರ್ ಯಾಕೆ? ಕ್ಲಾಸಲ್ಲಿ ಕನ್ನಡದಲ್ಲೇ ಜಗಳ ಆಡಲಿ, ಆಮೇಲೆ ಅದನ್ನೇ ಹರುಕು ಮುರುಕು ಇಂಗ್ಲಿಷಲ್ಲಿ ಬರೀಲಿ. ಗೈಡ್ ಪಾಯಿಂಟ್‌ಗೆ ಹೊಂದುತ್ತಾ ಅಂತ ನೋಡೋದು ಬಿಟ್ಟು, ಕೊಟ್ಟ ಕಾರಣಕ್ಕೆ ಅಂಕ ಕೊಡಿ. ಪಾಠದಲ್ಲೇ ಇಲ್ಲದ ಹೊಸ ಪ್ರಶ್ನೆ ಕೇಳಿ, ಗೈಡ್ ಅಂಗಡಿಯವರಿಗೂ ಸ್ವಲ್ಪ ಬೆವರಿಳಿಯಲಿ.

ಗೈಡ್ ಕಿತ್ತುಕೊಂಡು ಇನ್ನೊಮ್ಮೆ ಕೇಳಿದೆ. ಹುಡುಗ ಸುಮಾರು ಹೊತ್ತು ಕಂಬಕ್ಕೆ ಒರಗಿ ಕೂತ.

"ಕೊಲೆಗಾರನಿಗೆ 600 ಕೊಟ್ರು. ಸತ್ತೋನ ಮನೆಯೋರಿಗೆ ಏನು ಕೊಟ್ರು ಮಾಮ?"

"ಅದನ್ನೇ ಬರಿ ಕಣೋ!" ಅಂದೆ.

"ಬರೆದ್ರೆ ಮಾರ್ಕ್ಸ್ ಕೊಡ್ತಾರಾ?"

ಪ್ರಶ್ನೆಪತ್ರಿಕೆ ಮಾಡೋರೇ, ನೀವೇ ಹೇಳಿ. ನನಗಂತೂ ಆಗ ಉತ್ತರ ಹೊಳೀಲಿಲ್ಲ.