ಒಳ್ಳೇ ಹವೆಯ ಊರು ಯಾವ್ದು ಅಂತ ಕೇಳೋ ಮುಂಚೆ

ಊರು-ಹವೆ ಸರಣಿ | ಕಂತು 9

ಮೊದಲನೇ ಫೋಟೋ ನೋಡಿ. ಎಡಗಡೆ ಇರೋದು ಬೆಂಗಳೂರಿನ ನನ್ನ ಬಾಲ್ಕನಿಯ ಥರ್ಮಾಮೀಟರ್. ಬಲಗಡೆಯದ್ದು ರಾಯಚೂರಿನ ನಮ್ಮ ಮನೆ ಅಂಗಳದ್ದು, ಬೇವಿನ ನೆರಳಲ್ಲಿ ತೂಗುಹಾಕಿರೋದು. ಒಂದೇ ದಿನ, ಮೇ ತಿಂಗಳ ಮಧ್ಯಾಹ್ನ ಮೂರು ಗಂಟೆ. ಇಲ್ಲಿ 33, ಅಲ್ಲಿ 41.

ವಾಸಕ್ಕೆ ಇದರಲ್ಲಿ ಯಾವ ಊರು ಬೆಸ್ಟ್ ಅಂತ ಕೇಳಿದ್ರೆ ನೀವು ಯೋಚನೆ ಮಾಡೋಕೂ ಹೋಗಲ್ಲ. ನಾನೂ ಮಾಡಿರಲಿಲ್ಲ. ಅಪ್ಪ ರಿಟೈರ್ ಆದ ಕೂಡ್ಲೇ, 2023ರ ಜೂನ್‌ನಲ್ಲಿ, ಅಪ್ಪ-ಅಮ್ಮನ್ನ ಬೆಂಗಳೂರಿಗೆ ಕರ್ಕೊಂಡು ಬಂದೆ. 2024ರ ಜುಲೈನಲ್ಲಿ ಅವರು ವಾಪಸ್ ಹೋದ್ರು. ಆ ಹದಿಮೂರು ತಿಂಗಳು ಹವಾಮಾನದ ಬಗ್ಗೆ ನನಗೆ ಕಲಿಸಿದ್ದು, ಹತ್ತು ವರ್ಷ ಮಳೆಮಾಪಕ ಇಟ್ಕೊಂಡು ನಾನು ಕಲಿತದ್ದಕ್ಕಿಂತ ಜಾಸ್ತಿ.

ಮೊದಲು ಬೆಂಗಳೂರಿಗೆ ಸಲ್ಲಬೇಕಾದ ಕ್ರೆಡಿಟ್ ಕೊಟ್ಟುಬಿಡ್ತೀನಿ. ಈ ಊರು ತಂಪಾಗಿರೋದರಲ್ಲಿ ಮ್ಯಾಜಿಕ್ ಏನಿಲ್ಲ, ಎತ್ತರ ಇದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲೆ. ಒಂದು ಕಿಲೋಮೀಟರ್ ಮೇಲೇರಿದ್ರೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತೆ. ರಾಯಚೂರು ಇರೋದು 400 ಮೀಟರ್ ಆಸುಪಾಸು. ಅಂದ್ರೆ ಬರೀ ಎತ್ತರದಿಂದಲೇ ಮೂರು ಡಿಗ್ರಿ ವ್ಯತ್ಯಾಸ. ಜೊತೆಗೆ ಬೆಂಗಳೂರಿಗೆ ಏಪ್ರಿಲ್ ಕೊನೆಗೇ ಸಂಜೆ ಗುಡುಗು ಮಳೆ ಶುರು. ಹಾಗಾಗಿ ಇಲ್ಲಿ ಏಪ್ರಿಲ್‌ಗೆ ಬಿಸಿಲು ತುದಿ ಮುಟ್ಟುತ್ತೆ, ಮೇನಲ್ಲಿ ಇಳಿಯೋಕೆ ಶುರುವಾಗುತ್ತೆ. ನಮ್ಮ ಕಡೆ ಮೇ ಅಂದ್ರೆ ಇನ್ನೂ ಏರುಬಿಸಿಲು.

ಇಷ್ಟೇ ಲೆಕ್ಕ ಆಗಿದ್ರೆ ಈ ಕಂತು ಬರೀಬೇಕಾಗಿರಲಿಲ್ಲ.

ಎರಡನೇ ಫೋಟೋ ಮಂಗಳೂರಿನದ್ದು. ಏಪ್ರಿಲ್ ಮಧ್ಯಾಹ್ನದ ಸರಾಸರಿ ತಗೊಂಡ್ರೆ ಬೆಂಗಳೂರು, ಮಂಗಳೂರು ಎರಡೂ 34ರ ಹತ್ತಿರ. ಅಂಕಿ ಒಂದೇ. ಆದ್ರೆ ಏಪ್ರಿಲ್‌ನಲ್ಲಿ ಮಂಗಳೂರಿನ ಬಸ್‌ಸ್ಟ್ಯಾಂಡಲ್ಲಿ ಹತ್ತು ನಿಮಿಷ ನಿಂತವರಿಗೆ ಗೊತ್ತು ಎರಡೂ ಒಂದೇ ಅಲ್ಲ ಅಂತ. ಕಾರಣ ಗಾಳಿಯಲ್ಲಿರೋ ತೇವ. ನಮ್ಮ ಮೈ ತಂಪಾಗೋದು ಬೆವರು ಬರೋದರಿಂದ ಅಲ್ಲ, ಬಂದ ಬೆವರು ಆರೋದರಿಂದ. ಗಾಳೀಲಿ ಮೊದಲೇ ತೇವ ತುಂಬಿದ್ರೆ ಬೆವರು ಆರಲ್ಲ, ಸುಮ್ನೆ ಸುರಿಯುತ್ತೆ. ರಾಯಚೂರಲ್ಲಿ ಐದಾರು ಸಾವಿರದ ಏರ್ ಕೂಲರ್ ರೂಮನ್ನ ತಂಪು ಮಾಡುತ್ತೆ, ಅದೇ ಕೂಲರ್ ಮಂಗಳೂರಲ್ಲಿ ಇನ್ನಷ್ಟು ಜಿಗುಟು ಮಾಡುತ್ತೆ. ಅದಕ್ಕೂ ಇದೇ ಕಾರಣ. ಒಣ ಬಿಸಿಲಿಗೆ ನೀರು ಮದ್ದು, ತೇವದ ಬಿಸಿಲಿಗೆ ನೀರೇ ರೋಗ.

ಮೂರನೇ ಫೋಟೋ, ನೀವೆಲ್ಲ ಲೈಕ್ ಮಾಡೋ ಆಗುಂಬೆ ಮಂಜು. ವರ್ಷಕ್ಕೆ 7,000 ಮಿಲಿಮೀಟರ್ ಮೀರೋ ಮಳೆ. ಬೆಂಗಳೂರಿಗೆ ಬೀಳೋದು 1,000ದ ಆಸುಪಾಸು. ವೀಕೆಂಡಿಗೆ ಹೋದವರಿಗೆ ಅದು ಸ್ವರ್ಗ. ಅಲ್ಲೇ ಇರೋರಿಗೆ ಜುಲೈ ಅಂದ್ರೆ ಒಣಗದ ಬಟ್ಟೆ, ಬೂಸಲು ಹಿಡಿಯೋ ಚಪ್ಪಲಿ, ದಿನಗಟ್ಟಲೆ ಇಲ್ಲದ ಕರೆಂಟು. ಆದ್ರೂ ಮಲೆನಾಡಿನವರು ತಲೆತಲಾಂತರದಿಂದ ಬದುಕಿದ್ದಾರಲ್ಲ, ಹೇಗೆ? ಇಳಿಜಾರು ಹಂಚಿನ ಮಾಡು, ಮಳೆಗಾಲಕ್ಕೆ ಮುಂಚೆ ಕೊಟ್ಟಿಗೆಗೆ ತುಂಬಿಟ್ಟ ಸೌದೆ, ದಿನವಿಡೀ ಉರಿಯೋ ಬಚ್ಚಲೊಲೆ, ಅಟ್ಟದ ಮೇಲೆ ಉಪ್ಪಿನಕಾಯಿ, ಹಪ್ಪಳ. ಮಳೆಯನ್ನ ಅವರು ಗೆದ್ದಿಲ್ಲ, ಅದಕ್ಕೆ ತಯಾರಾಗಿದ್ದಾರೆ.

ಈಗ ನನ್ನ ಮಾತಿಗೆ ಬರ್ತೀನಿ. ಊರಿನ ಹವೆಯನ್ನ ಅದರ ಒಳ್ಳೇ ತಿಂಗಳುಗಳಿಂದ ಅಳೀಬೇಡಿ. ಅದರ ಕೆಟ್ಟ ಎರಡು ತಿಂಗಳಿಂದ ಅಳೀರಿ. ಆ ಎರಡು ತಿಂಗಳು ದಾಟಿಸೋಕೆ ಬೇಕಾದ ಸೂರು, ನೀರು, ಜನ ನಿಮಗೆ ಅಲ್ಲಿ ಸಿಗುತ್ತಾ ನೋಡಿ. ಸಿಕ್ಕಿದ್ರೆ ಅದು ವಾಸಕ್ಕೆ ಒಳ್ಳೇ ಊರು. ಇಲ್ಲಾಂದ್ರೆ ಥರ್ಮಾಮೀಟರ್ ಏನೇ ಹೇಳ್ಲಿ, ಅಲ್ಲ.

ನಮ್ಮನೇಲಿ ಆದದ್ದು ಅದೇ. 2023ರ ಮುಂಗಾರು ಕೈಕೊಟ್ಟಿತ್ತು. 2024ರ ಮಾರ್ಚ್ ಹೊತ್ತಿಗೆ ನಮ್ಮ ಬಿಲ್ಡಿಂಗಿನ ಬೋರ್‌ವೆಲ್ ಬತ್ತಿಹೋಯ್ತು. ಟ್ಯಾಂಕರ್ ಬಂದಾಗ ಮಾತ್ರ ನೀರು. ನಾವಿದ್ದದ್ದು ಮೂರನೇ ಮಹಡಿ, ತಲೆ ಮೇಲೆ ನೇರ ಆರ್‌ಸಿಸಿ ಸ್ಲ್ಯಾಬ್. ಹಗಲಿಡೀ ಕಾದ ಸ್ಲ್ಯಾಬ್ ರಾತ್ರಿ ಹನ್ನೊಂದಕ್ಕೂ ಕಾವು ಬಿಡ್ತಿತ್ತು. ಏಪ್ರಿಲ್ 28ಕ್ಕೆ ಬೆಂಗಳೂರಲ್ಲಿ 38.5 ಡಿಗ್ರಿ ಮುಟ್ಟಿತು. ಜೂನ್ 2ಕ್ಕೆ ಒಂದೇ ದಿನ 111 ಮಿಲಿಮೀಟರ್ ಮಳೆ. ನೂರು ವರ್ಷಕ್ಕೂ ಹಿಂದಿನಿಂದ ಇರೋ ದಾಖಲೆಯಲ್ಲಿ, ಜೂನ್ ತಿಂಗಳ ಒಂದೇ ದಿನಕ್ಕೆ ಅಷ್ಟು ಮಳೆ ಬಂದದ್ದು ಅಪರೂಪದಲ್ಲಿ ಅಪರೂಪ. ಮೂರು ತಿಂಗಳ ಒಳಗೆ ಬಾಯಾರಿಕೆಯೂ ಆಯ್ತು, ನೆರೆಯೂ ಆಯ್ತು. ವರ್ಷದ ಸರಾಸರಿಯಲ್ಲಿ ಇವೆರಡೂ ಕಾಣೋದೇ ಇಲ್ಲ.

ಆದ್ರೆ ಅಪ್ಪ ಸೋತದ್ದು ಬಿಸಿಲಿಗಲ್ಲ. ಒಂದು ಸಂಜೆ ಕೇಳಿದ್ರು: "ಥಂಡಿ ಏನೋ ಐತಿ ಖರೆ. ಕುಂದ್ರಾಕ ಕಟ್ಟಿ ಎಲ್ಲೈತಪಾ?" ರಾಯಚೂರಲ್ಲಿ ಸಂಜೆ ಆರಕ್ಕೆ ಕಟ್ಟೆಗೆ ನೀರು ಚಿಮುಕಿಸಿದ್ರೆ ನಾಲ್ಕು ಜನ ಬಂದು ಕೂರ್ತಾರೆ. ಅಪ್ಪನ ಬಿ.ಪಿ. ಮಾತ್ರೆ ಮುಗಿದ್ರೆ ಪಕ್ಕದ ಮನೆ ಹುಡುಗ ತಂದುಕೊಡ್ತಾನೆ. ಇಲ್ಲಿ ನಾನು ಆಫೀಸಿಗೆ ಹೋದ ಮೇಲೆ ಅವರಿಬ್ಬರಿಗೆ ಟಿವಿ, ಬಿಟ್ರೆ ಬಾಗಿಲು.

ಹಾಗಂತ ರಾಯಚೂರಿನ ಬಿಸಿಲನ್ನ ನಾನು ಸಿಹಿ ಮಾಡಿ ಹೇಳಲ್ಲ. ಅದು ಆಟ ಅಲ್ಲ. ಕಲಬುರಗಿ ವಿಭಾಗಕ್ಕೂ ವಿಜಯಪುರ, ಬಾಗಲಕೋಟೆಗೂ ಬೇಸಿಗೆಯಲ್ಲಿ ಸರ್ಕಾರಿ ಆಫೀಸಿನ ಸಮಯವನ್ನೇ ಬೆಳಗ್ಗೆ 8ರಿಂದ ಮಧ್ಯಾಹ್ನ 1.30 ಅಂತ ಬದಲಾಯಿಸ್ತಾರೆ ಅಂದ್ರೆ ಅರ್ಥ ಮಾಡ್ಕೊಳ್ಳಿ. ಹೋದ ವರ್ಷ ಮೇನಲ್ಲಿ ಅಪ್ಪ ಬ್ಯಾಂಕಿಗೆ ಹೋಗಿ ಬಂದು ತಲೆಸುತ್ತಿ ಕೂತುಬಿಟ್ರು. ಎರಡು ಬಾಟಲ್ ಗ್ಲೂಕೋಸ್ ಏರಿಸಬೇಕಾಯ್ತು. ಆ ರಾತ್ರಿ ನಾನು ಬಸ್ಸಲ್ಲಿ ಕೂತು, ಇವರನ್ನ ವಾಪಸ್ ಕಳಿಸಿದ್ದು ತಪ್ಪಾಯ್ತಾ ಅಂತ ಬೆಳಗಿನ ತನಕ ನಿದ್ದೆ ಮಾಡ್ಲಿಲ್ಲ.

ಆಮೇಲೆ ಅಲ್ಲೇ ಒಂದು ವಾರ ಉಳಿದೆ. ಮಾಳಿಗೆಗೆ ಬಿಳಿ ಸುಣ್ಣ ಬಳಿಸಿದೆ. ಪಶ್ಚಿಮದ ಗೋಡೆಗೆ ಚಪ್ಪರ ಹಾಕಿಸಿದೆ. ಒಂದು ಕೂಲರ್, ಅದಕ್ಕೆ ಇನ್ವರ್ಟರ್. 11ರಿಂದ 4ರ ತನಕ ಹೊರಗೆ ಹೋಗಲ್ಲ ಅಂತ ಅಪ್ಪನ ಹತ್ರ ಮಾತು ತಗೊಂಡೆ. ಮೇನಲ್ಲಿ ಹದಿನೈದು ದಿನ ಇಲ್ಲಿಗೆ ಬಂದು ಇರೋದು ಅಂತಾನೂ ಒಪ್ಪಂದ ಆಯ್ತು. ಊರು ಬದಲಾಯಿಸೋಕೆ ಖರ್ಚು ಮಾಡಿದ ದುಡ್ಡಿನ ಅರ್ಧದಲ್ಲಿ ಮನೆ ಬದಲಾಯಿತು.

ಇನ್ನೊಂದು ಮಾತು, ಕೊನೇ ಫೋಟೋ ಬಗ್ಗೆ. ನನ್ನ ಬಾಲ್ಕನಿಯಿಂದ ಕಾಣೋ ತಗಡಿನ ಶೆಡ್‌ಗಳು. ಎದುರಿನ ಅಪಾರ್ಟ್‌ಮೆಂಟ್ ಕಟ್ಟೋಕೆ ರಾಯಚೂರು, ಯಾದಗಿರಿ ಕಡೆಯಿಂದ ಗುಳೆ ಬಂದವರು ಅಲ್ಲಿದ್ದಾರೆ. ಅವರೂ ಇರೋದು ಇದೇ "ಬೆಸ್ಟ್ ವೆದರ್" ಊರಲ್ಲೇ. ಮಧ್ಯಾಹ್ನ ಆ ತಗಡಿನ ಕೆಳಗೆ ಮಗು ಮಲಗಿಸೋ ತಾಯಿಗೆ ನನ್ನ ಥರ್ಮಾಮೀಟರ್ ತೋರಿಸಿ "ಬರೀ 33 ಕಣಮ್ಮಾ" ಅನ್ನೋಕಾಗುತ್ತಾ? ಹವೆ ಒಂದೇ, ಸೂರು ಬೇರೆ. ಹವಾಮಾನದ ಹುಚ್ಚಿರೋ ನಮ್ಮಂಥವರು ಊರು ಊರಿಗೆ ಮಾರ್ಕ್ಸ್ ಕೊಡುವಾಗ ಇದನ್ನ ಮರೀತೀವಿ. ನಾವು ಕೊಡೋ ಮಾರ್ಕ್ಸ್ ಹೆಚ್ಚಾಗಿ ನಮ್ಮ ನಮ್ಮ ಕಿಟಕಿಗೆ ಕೊಟ್ಟಿದ್ದು, ಊರಿಗಲ್ಲ.

ಊರು ಬದಲಾಯಿಸೋ ಯೋಚನೆ ಇದ್ರೆ, ಮುಖ್ಯವಾಗಿ ವಯಸ್ಸಾದವರನ್ನ ಕರ್ಕೊಂಡು ಹೋಗೋ ಹಾಗಿದ್ರೆ, ಇಷ್ಟು ಮಾಡಿ:

➡️ ಮಂಗಳೂರಿಗೆ ಏಪ್ರಿಲ್‌ನಲ್ಲಿ, ರಾಯಚೂರಿಗೆ ಮೇನಲ್ಲಿ, ಚಿಕ್ಕಮಗಳೂರಿಗೆ ಜುಲೈನಲ್ಲಿ ಹೋಗಿ ಒಂದು ವಾರ ಇದ್ದು ನೋಡಿ. ಹೋಟೆಲ್‌ನಲ್ಲಿ ಅಲ್ಲ, ಮನೇಲಿ.
➡️ ಹಗಲಿನ ಗರಿಷ್ಠ ಬಿಡಿ, ರಾತ್ರಿಯ ಕನಿಷ್ಠ ಕೇಳಿ. ನಿದ್ದೆ ಬರೋದು ಅದರ ಮೇಲೆ.
➡️ ಮಾರ್ಚ್-ಏಪ್ರಿಲ್‌ನಲ್ಲಿ ನೀರು ಎಲ್ಲಿಂದ ಬರುತ್ತೆ ಅಂತ ಓನರ್‌ನ ಅಲ್ಲ, ಪಕ್ಕದ ಮನೆಯವರನ್ನ ಕೇಳಿ.
➡️ ತಲೆ ಮೇಲೆ ಏನಿದೆ ನೋಡಿ: ಇನ್ನೊಂದು ಮಹಡಿಯೋ, ಹಂಚೋ, ಬರೀ ಸ್ಲ್ಯಾಬೋ.
➡️ ತಲೆ ಸುತ್ತಿದಾಗ ಕೂಗಿದ್ರೆ ಯಾರು ಬರ್ತಾರೆ? ಇದು ಹವಾಮಾನದ ಪ್ರಶ್ನೆ ಅಲ್ಲ ಅನ್ಸುತ್ತೆ. ಮೇ ತಿಂಗಳಲ್ಲಿ ಇದಕ್ಕಿಂತ ದೊಡ್ಡ ಹವಾಮಾನದ ಪ್ರಶ್ನೆ ಇಲ್ಲ.

ಇವತ್ತು ಸಂಜೆ ಅಪ್ಪ ಫೋನ್ ಮಾಡಿದ್ರು. "ಇವತ್ತ ನಲವತ್ತೆರಡು" ಅಂದ್ರು, ಪರೀಕ್ಷೇಲಿ ಮಾರ್ಕ್ಸ್ ತಗೊಂಡೋರ ಥರ. ಹಿಂದುಗಡೆ ಕಟ್ಟೆ ಮೇಲೆ ಯಾರೋ ನಗ್ತಿದ್ದದ್ದು ಕೇಳಿಸ್ತು.

ನಿಮ್ಮೂರಿನ ಕೆಟ್ಟ ಎರಡು ತಿಂಗಳು ಯಾವುದು? ಅದನ್ನ ಹೇಗೆ ದಾಟ್ತೀರ? ಬರೀರಿ, ಓದ್ತೀನಿ.

#ಊರುಹವೆ #ರಾಯಚೂರು #ಬೆಂಗಳೂರು #ಬೇಸಿಗೆ #ಕನ್ನಡ